ಹಬ್ಬಕ್ಕೆ ಊರಿಗೆ ಬರುವವರ ಬವಣೆ

ಎಳ್ಳಮಾವಾಸ್ಯೆ ಬಂತೆಂದರೆ ನಮ್ಮ ಕಲಬುರಗಿ ಸೀಮೆಯ ಹೊಲಗಳಿಗೆ ಹೊಸ ಕಳೆ ಬರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಕುಳಿತು ಉಣ್ಣುವ ಆ ದಿನದ ಸಂಭ್ರಮವನ್ನು ಅನುಭವಿಸಿದವರೇ ಬಲ್ಲರು. ಆದರೆ ಇಂದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಆ ಪಂಕ್ತಿಯಲ್ಲಿ ಒಂದೆರಡು ಎಲೆಗಳು ಖಾಲಿ ಉಳಿಯುತ್ತವೆ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಪುಣೆಯಲ್ಲಿದ್ದಾಳೆ, ತಮ್ಮ ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಬರುವ ಮನಸ್ಸು ಎಲ್ಲರಿಗೂ ಇದೆ. ಬರುವ ದಾರಿಯೇ ದುಬಾರಿಯಾಗಿದೆ.

ಹಬ್ಬದ ಮುನ್ನಾದಿನಗಳಲ್ಲಿ ಸಾಮಾನ್ಯ ದರದ ರೈಲು ಟಿಕೇಟು ಸಿಗುವುದಿಲ್ಲ. ಸಿಗುವ ಟಿಕೇಟಿನ ದರ ಸಾಮಾನ್ಯವಾಗಿರುವುದಿಲ್ಲ. ಬೇಡಿಕೆ ಹೆಚ್ಚಿದಾಗ ದರ ಹೆಚ್ಚಿಸುವ ಈ ಪದ್ಧತಿ ಹೇಗೆ ಬೆಳೆಯಿತು, ಅದರ ಭಾರ ಯಾರ ಮೇಲೆ ಬೀಳುತ್ತಿದೆ, ಕುಟುಂಬಗಳು ತಮ್ಮ ಮಟ್ಟಿಗೆ ಏನು ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ರೈಲು ಕಾಣದ ಪಟ್ಟಣಗಳು

ಸೊಲ್ಲಾಪುರದಿಂದ ಕಲಬುರಗಿ, ವಾಡಿ ಮಾರ್ಗವಾಗಿ ರಾಯಚೂರಿನವರೆಗೆ ರೈಲು ಹಳಿ ಬಂದುದು 1871ರಲ್ಲಿ. ಅಂದಿನಿಂದ ಒಂದೂವರೆ ಶತಮಾನ ಉರುಳಿದೆ. ಆದರೂ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಆಳಂದದವರೂ ಜೇವರ್ಗಿಯವರೂ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಸಾಗಿ ಕಲಬುರಗಿ ನಿಲ್ದಾಣವನ್ನು ಸೇರಬೇಕು. ಅಫಜಲಪುರಕ್ಕೆ ಕಲಬುರಗಿ ಇನ್ನೂ ದೂರ. ಆ ಭಾಗದವರಲ್ಲಿ ಕೆಲವರು ಗಾಣಗಾಪುರ ರೋಡ್ ನಿಲ್ದಾಣವನ್ನೋ ಗಡಿಯಾಚೆಯ ದುಧನಿಯನ್ನೋ ಆಶ್ರಯಿಸುತ್ತಾರೆ.

ಹೀಗಾಗಿ ನಮ್ಮ ತಾಲ್ಲೂಕುಗಳ ಪ್ರಯಾಣಿಕನಿಗೆ ರೈಲಿನ ದರವೆಂದರೆ ಟಿಕೇಟಿನ ಮೇಲೆ ಮುದ್ರಿತವಾದ ಮೊತ್ತವಷ್ಟೇ ಅಲ್ಲ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕಲಬುರಗಿಗೆ ಬರುವ ಖರ್ಚೂ ಅದರಲ್ಲಿ ಸೇರಿದೆ. ನಡುರಾತ್ರಿ ಗಾಡಿ ಇಳಿದರೆ ಬೆಳಗಿನ ಬಸ್ಸಿಗಾಗಿ ಮಕ್ಕಳು ಮರಿಗಳೊಡನೆ ಕಾಯುವ ಕಷ್ಟವೂ ಸೇರಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ಸಿನ ಖರ್ಚು ತಗ್ಗಿತೆಂಬುದು ನಿಜ. ಆದರೆ ಸುಮಾರು 550 ಕಿಲೋಮೀಟರ್ ದೂರದ ಬೆಂಗಳೂರಿಗೆ ಮುದುಕರನ್ನೂ ಕೂಸುಗಳನ್ನೂ ಕರೆದುಕೊಂಡು ಸಾಮಾನ್ಯ ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಹೋಗುವುದು ಸುಲಭದ ಮಾತಲ್ಲ. ಅಂಥವರಿಗೆ ರೈಲೇ ಗತಿ.

ಇನ್ನೊಂದು ತೊಡಕೂ ಉಂಟು. ಕಲಬುರಗಿಯ ಮೂಲಕ ಹಾಯುವ ಗಾಡಿಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟುವ ಗಾಡಿಗಳಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಮುಂಬಯಿ–ಬೆಂಗಳೂರುಗಳ ನಡುವಿನದು. ಬಸವಣ್ಣನವರ ಹೆಸರು ಹೊತ್ತ ಬಸವ ಎಕ್ಸ್‌ಪ್ರೆಸ್ ಮೈಸೂರು–ಬಾಗಲಕೋಟೆಗಳ ನಡುವಿನದು. ನಡುವಿನ ನಿಲ್ದಾಣಕ್ಕೆ ಸಿಗುವ ಬರ್ತ್‌ಗಳ ಪಾಲು ಸಹಜವಾಗಿಯೇ ಕಡಿಮೆ. 2024ರ ಮಾರ್ಚಿನಲ್ಲಿ ಕಲಬುರಗಿಯಿಂದಲೇ ಹೊರಡುವ ವಂದೇ ಭಾರತ್ ಗಾಡಿ ಬೆಂಗಳೂರಿಗೆ ಆರಂಭವಾದುದು ಸಂತೋಷದ ಸಂಗತಿ. ಆದರೆ ಅದು ಹವಾನಿಯಂತ್ರಿತ ಆಸನಗಳ ಗಾಡಿ; ಕೂಲಿಕಾರನ ಕುಟುಂಬ ಹತ್ತುವಂಥ ಗಾಡಿಯಲ್ಲ.

ದರ ಏರುವ ಬಗೆ

ಹಿಂದೆ ರೈಲ್ವೆಯಲ್ಲಿ ದೂರ ಮತ್ತು ದರ್ಜೆಗೆ ತಕ್ಕಂತೆ ದರ ನಿಗದಿಯಾಗುತ್ತಿತ್ತು. ಮೊದಲು ಕೊಂಡವನಿಗೂ ಕೊನೆಗೆ ಕೊಂಡವನಿಗೂ ಒಂದೇ ದರ. ತುರ್ತು ಪ್ರಯಾಣಿಕರಿಗಾಗಿ 1997ರ ಡಿಸೆಂಬರಿನಲ್ಲಿ ತತ್ಕಾಲ್ ಪದ್ಧತಿ ಆರಂಭವಾಯಿತು. ಹೆಚ್ಚುವರಿ ಶುಲ್ಕ ಇದ್ದರೂ ಅದಕ್ಕೊಂದು ಮಿತಿ ಇದೆ. ಸ್ಲೀಪರ್ ದರ್ಜೆಯಲ್ಲಿ ಮೂಲ ದರದ ಶೇಕಡಾ 30ರಷ್ಟು, ಕನಿಷ್ಠ 100 ರೂಪಾಯಿ, ಗರಿಷ್ಠ 200 ರೂಪಾಯಿ ಎಂಬುದು ಅದರ ಲೆಕ್ಕ.

ಬೇಡಿಕೆಗೆ ತಕ್ಕಂತೆ ದರ ಏರುತ್ತ ಹೋಗುವ ವಿಮಾನದ ಪದ್ಧತಿ ರೈಲಿಗೆ ಬಂದುದು ಆಮೇಲೆ. 2013ರ ಡಿಸೆಂಬರಿನಲ್ಲಿ ದೆಹಲಿ–ಮುಂಬಯಿ ನಡುವೆ ಪ್ರೀಮಿಯಂ ವಿಶೇಷ ಗಾಡಿ ಓಡಿತು. ಆಗ ರೈಲ್ವೆ ಖಾತೆಯನ್ನು ನಿರ್ವಹಿಸುತ್ತಿದ್ದವರು ಗುಲಬರ್ಗಾ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು. ಸರಕಾರ ಬದಲಾದ ಮೇಲೆ 2014ರ ಅಕ್ಟೋಬರಿನಲ್ಲಿ ಪ್ರೀಮಿಯಂ ತತ್ಕಾಲ್ ಬಂದಿತು. 2015ರಲ್ಲಿ ಸುವಿಧಾ ಗಾಡಿಗಳು ಬಂದವು. 2016ರ ಸೆಪ್ಟೆಂಬರ್ 9ರಿಂದ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಿಗೆ ಫ್ಲೆಕ್ಸಿ ದರ ಅನ್ವಯವಾಯಿತು. ಆದ್ದರಿಂದ ಇದನ್ನು ಒಂದು ಪಕ್ಷದ ತಪ್ಪೆಂದೋ ಇನ್ನೊಂದು ಪಕ್ಷದ ತಪ್ಪೆಂದೋ ವಾದಿಸುವುದರಲ್ಲಿ ಅರ್ಥವಿಲ್ಲ.

ಫ್ಲೆಕ್ಸಿ ದರದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೂಲ ದರ 1,000 ರೂಪಾಯಿ, ಆಸನಗಳು 100 ಎಂದಿಟ್ಟುಕೊಳ್ಳೋಣ. ಮೊದಲ 10 ಆಸನಗಳು 1,000 ರೂಪಾಯಿಗೆ ಮಾರಾಟವಾದವು. ಅನಂತರದ 10 ಆಸನಗಳಿಗೆ 1,100. ಮತ್ತಿನ ಹತ್ತಕ್ಕೆ 1,200. ಹೀಗೆ ಏರುತ್ತ, 2016ರ ಮೂಲ ನಿಯಮದಂತೆ ದರವು ಒಂದೂವರೆ ಪಟ್ಟಿನವರೆಗೆ, ಮೂರನೆಯ ದರ್ಜೆಯ ಏಸಿಯಲ್ಲಿ 1.4 ಪಟ್ಟಿನವರೆಗೆ ಮುಟ್ಟುತ್ತಿತ್ತು. ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಕುಳಿತವರಲ್ಲಿ ಒಬ್ಬನು ಸಾವಿರ, ಇನ್ನೊಬ್ಬನು ಸಾವಿರದೈನೂರು ತೆತ್ತಿರುತ್ತಿದ್ದನು. ಕಲಬುರಗಿಯ ಮೂಲಕ ಹಾಯುವ ಪುಣೆ–ಸಿಕಂದರಾಬಾದ್ ಶತಾಬ್ದಿಯ ಪ್ರಯಾಣಿಕರಿಗೂ ಇದರ ಬಿಸಿ ತಟ್ಟಿತು.

ದೇಶದಾದ್ಯಂತ ಅಸಮಾಧಾನ ಎದ್ದಿತು. ಈ ಪದ್ಧತಿಯಿಂದ ಆದಾಯ ಹೆಚ್ಚಿದರೂ ಪ್ರಯಾಣಿಕರ ಸಂಖ್ಯೆ ಇಳಿದಿದೆಯೆಂದು ಮಹಾಲೇಖಪಾಲರ ವರದಿ ಬೊಟ್ಟುಮಾಡಿತು. 2018ರ ಅಕ್ಟೋಬರ್ ಕೊನೆಯಲ್ಲಿ ರೈಲ್ವೆಯು ಜನರಿಲ್ಲದೆ ಓಡುತ್ತಿದ್ದ 15 ಗಾಡಿಗಳಿಂದ ಫ್ಲೆಕ್ಸಿ ದರವನ್ನು ತೆಗೆದುಹಾಕಿತು. 32 ಗಾಡಿಗಳಿಗೆ ಜನಸಂಚಾರ ಕಡಿಮೆಯಿರುವ ತಿಂಗಳುಗಳಲ್ಲಿ ವಿನಾಯಿತಿ ನೀಡಿತು. ಗರಿಷ್ಠ ಮಿತಿಯನ್ನು 1.4 ಪಟ್ಟಿಗೆ ಇಳಿಸಿತು.

ಹಬ್ಬದ ವಿಶೇಷ ಗಾಡಿ, ವಿಶೇಷ ದರ

ನಮ್ಮ ಭಾಗದ ಸಾಮಾನ್ಯ ಎಕ್ಸ್‌ಪ್ರೆಸ್ ಗಾಡಿಗಳಿಗೆ ಫ್ಲೆಕ್ಸಿ ದರ ಇಲ್ಲವೆಂಬುದು ಸಮಾಧಾನದ ಮಾತು. ಆದರೆ ದಸರೆ, ದೀಪಾವಳಿಗಳಲ್ಲಿ ಆ ಗಾಡಿಗಳ ಟಿಕೇಟು ಬೇಗನೆ ಮುಗಿದುಹೋಗುತ್ತದೆ. ಆಗ ಉಳಿಯುವುದು ಮೂರು ದಾರಿ: ತತ್ಕಾಲ್, ಪ್ರೀಮಿಯಂ ತತ್ಕಾಲ್, ಇಲ್ಲವೇ ಹಬ್ಬದ ವಿಶೇಷ ಗಾಡಿ. ವಿಶೇಷ ದರದ ಗಾಡಿಯಲ್ಲಿ ಬಹುಮಟ್ಟಿಗೆ ತತ್ಕಾಲ್ ಮಾದರಿಯ ಹೆಚ್ಚುವರಿ ಶುಲ್ಕವೇ ಎಲ್ಲ ಆಸನಗಳಿಗೂ ಇರುತ್ತದೆ. ಸರಳವಾಗಿ ಹೇಳುವುದಾದರೆ, ತಿಂಗಳ ಮುಂಚೆ ಕೊಂಡವನೂ ಅಲ್ಲಿ ತುರ್ತಿನವನ ದರವನ್ನೇ ತೆರಬೇಕು. ಇದೂ ಆಗದಿದ್ದರೆ ಖಾಸಗಿ ಬಸ್ಸು. ಹಬ್ಬದ ವಾರದಲ್ಲಿ ಅವುಗಳ ದರ ಎಲ್ಲಿಗೆ ಏರುವುದೆಂಬುದು ಓದುಗರಿಗೆ ತಿಳಿದ ವಿಷಯವೇ ಆಗಿದೆ.

ಇದರ ಜೊತೆಗೆ, 60 ವರ್ಷ ದಾಟಿದ ಪುರುಷರಿಗೆ ಶೇಕಡಾ 40, 58 ದಾಟಿದ ಮಹಿಳೆಯರಿಗೆ ಶೇಕಡಾ 50ರಷ್ಟು ದೊರೆಯುತ್ತಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೊನಾ ಕಾಲದಲ್ಲಿ ನಿಲ್ಲಿಸಲಾಯಿತು. ಮಗನ ಮನೆಗೆ ಹೋಗಿಬರುವ ವೃದ್ಧ ತಂದೆತಾಯಿಗಳಿಗೆ ಇದು ಎರಡನೆಯ ಪೆಟ್ಟಾಯಿತು.

2025ರ ದೀಪಾವಳಿಗೆ ರೈಲ್ವೆಯು ಹೋಗಿಬರುವ ಟಿಕೇಟನ್ನು ಒಟ್ಟಿಗೆ ಕೊಂಡವರಿಗೆ ಹಿಂದಿರುಗುವ ಪ್ರಯಾಣದ ಮೂಲ ದರದಲ್ಲಿ ಶೇಕಡಾ 20ರ ರಿಯಾಯಿತಿಯನ್ನು ಪ್ರಕಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹೋಗುವುದು ಅಕ್ಟೋಬರ್ 13ರಿಂದ 26ರೊಳಗೆ, ಹಿಂದಿರುಗುವುದು ನವೆಂಬರ್ 17ರಿಂದ ಡಿಸೆಂಬರ್ 1ರೊಳಗೆ ಆಗಬೇಕಿತ್ತು. ನಾಲ್ಕು ದಿನದ ರಜೆ ಪಡೆದು ಊರಿಗೆ ಬರುವ ಕಾರ್ಖಾನೆಯ ಕಾರ್ಮಿಕನು, ಕಾಲೇಜಿನ ಹುಡುಗಿಯು ಮೂರು ವಾರ ಊರಿನಲ್ಲಿ ಉಳಿದಾರೆಯೇ? ದಟ್ಟಣೆಯನ್ನು ಚದುರಿಸುವ ಈ ಲೆಕ್ಕ, ರಜೆಯ ದಿನಗಳು ತನ್ನ ಕೈಯಲ್ಲಿಲ್ಲದ ಬಡವನಿಗೆ ಒದಗಿಬರಲಿಲ್ಲ.

ರೈಲ್ವೆಯ ಮಾತೂ ಕೇಳಬೇಕು

ರೈಲ್ವೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇಕಡಾ 57ರಷ್ಟು ಮಾತ್ರ ಟಿಕೇಟಿನಿಂದ ಬರುತ್ತದೆಂದು 2016ರಿಂದ ಟಿಕೇಟಿನ ಮೇಲೆಯೇ ಮುದ್ರಿಸಲಾಯಿತು. ಹಬ್ಬಕ್ಕೆಂದು ಓಡಿಸಿದ ಗಾಡಿ ಒಂದು ದಿಕ್ಕಿಗೆ ತುಂಬಿ ಹೋಗಿ ಇನ್ನೊಂದು ದಿಕ್ಕಿಗೆ ಖಾಲಿ ಬರುವುದುಂಟು. ದರ ಕಡಿಮೆಯಿದ್ದರೆ ದಲ್ಲಾಳಿಗಳು ಟಿಕೇಟು ಕಬಳಿಸಿ ಕಾಳಸಂತೆಯಲ್ಲಿ ಮಾರುತ್ತಾರೆಂಬ ಮಾತಿನಲ್ಲಿಯೂ ಸತ್ಯವಿದೆ.

ಆದರೆ ಒಂದು ಸಂಗತಿಯನ್ನು ಮನಗಾಣಬೇಕು. ವ್ಯಾಪಾರಕ್ಕೆ ಹೋಗುವವನು ದಿನವನ್ನು ಹಿಂದುಮುಂದು ಮಾಡಿಕೊಳ್ಳಬಲ್ಲ. ನಾಗರಪಂಚಮಿಗೆ ತವರಿಗೆ ಬರುವ ಮಗಳು ಹಾಗೆ ಮಾಡಲಾರಳು. ತಾಯಿಯ ಅಂತ್ಯಕ್ರಿಯೆಗೆ ಬರುವ ಮಗನು ದರ ಇಳಿಯುವವರೆಗೆ ಕಾಯಲಾರನು. ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲದವನಿಂದಲೇ ಹೆಚ್ಚು ಹಣ ಪಡೆಯುವ ಪದ್ಧತಿ ನ್ಯಾಯವೆನಿಸುವುದಿಲ್ಲ. ಅದೂ ಅಲ್ಲದೆ, ನಮ್ಮ ಭಾಗದ ದಟ್ಟಣೆ ಆಕಸ್ಮಿಕವಾದುದಲ್ಲ. ಯುಗಾದಿ, ಪಂಚಮಿ, ದಸರೆ, ದೀಪಾವಳಿ, ಎಳ್ಳಮಾವಾಸ್ಯೆ, ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಆಳಂದದ ಉರುಸು, ಗಾಣಗಾಪುರದ ಯಾತ್ರೆ ಇವೆಲ್ಲ ಪಂಚಾಂಗ ನೋಡಿದರೆ ಒಂದು ವರ್ಷ ಮೊದಲೇ ತಿಳಿಯುತ್ತವೆ. ತಿಳಿದ ದಟ್ಟಣೆಗೆ ಮೊದಲ ಪರಿಹಾರ ಹೆಚ್ಚಿನ ಗಾಡಿ, ಹೆಚ್ಚಿನ ಡಬ್ಬಿಗಳೇ ಆಗಬೇಕು. ಹೆಚ್ಚಿನ ದರ ಕೊನೆಯ ಉಪಾಯವಾಗಬೇಕು.

ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ. ಬೆಂಗಳೂರು ನೈಋತ್ಯ ರೈಲ್ವೆಗೆ ಸೇರಿದೆ. ಹೀಗಾಗಿ ಒಂದು ಹಬ್ಬದ ಗಾಡಿ ಓಡಬೇಕಾದರೂ ಬೇರೆ ಬೇರೆ ವಲಯಗಳು ಕೂಡಿ ಮನಸ್ಸು ಮಾಡಬೇಕು. ಕಲಬುರಗಿಗೆ ಪ್ರತ್ಯೇಕ ವಿಭಾಗ ಬೇಕೆಂಬ ಹಳೆಯ ಬೇಡಿಕೆಯ ಹಿಂದಿರುವ ನೋವು ಇದೇ. ಹಬ್ಬದ ಗಾಡಿಗಳನ್ನು ಮುಂಗಡ ಟಿಕೇಟಿನ ಅವಧಿ ತೆರೆಯುವ ಮೊದಲೇ ಪ್ರಕಟಿಸುವುದು, ಅವುಗಳಿಗೆ ಕಾಯ್ದಿರಿಸದ ಸಾಮಾನ್ಯ ಡಬ್ಬಿಗಳನ್ನು ಹೆಚ್ಚಾಗಿ ಜೋಡಿಸುವುದು, ಕಲಬುರಗಿಯ ಬರ್ತ್ ಪಾಲನ್ನು ಹಬ್ಬದ ವಾರಗಳಲ್ಲಾದರೂ ಹೆಚ್ಚಿಸುವುದು, ಇವು ಅಸಾಧ್ಯವಾದ ಬೇಡಿಕೆಗಳೇನಲ್ಲ. ಸಂಘಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಹಬ್ಬಗಳ ಪಟ್ಟಿಯೊಂದಿಗೆ ಆರು ತಿಂಗಳ ಮೊದಲೇ ಮನವಿ ಸಲ್ಲಿಸಿದರೆ ಫಲ ದೊರೆಯದೆ ಇರಲಾರದು.

ಕುಟುಂಬಗಳು ಗಮನಿಸಬೇಕಾದುದು

ಅಲ್ಲಿಯವರೆಗೆ ನಾವೂ ಜಾಗರೂಕರಾಗಿರಬೇಕು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಆದ್ದರಿಂದ ಹಬ್ಬದ ದಿನದಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಲೇಸು. ಹಿಂದಿರುಗುವ ಟಿಕೇಟಿಗೂ ಹೀಗೆಯೇ ಗುರುತಿರಲಿ. ಬಹಳ ಜನ ಅದನ್ನು ಮರೆತು ಕಷ್ಟಕ್ಕೆ ಸಿಲುಕುತ್ತಾರೆ.

ತತ್ಕಾಲ್ ಟಿಕೇಟು ಪ್ರಯಾಣದ ಹಿಂದಿನ ದಿನ ಏಸಿ ದರ್ಜೆಗೆ ಬೆಳಿಗ್ಗೆ 10 ಗಂಟೆಗೆ, ಉಳಿದುವಕ್ಕೆ 11 ಗಂಟೆಗೆ ಆರಂಭವಾಗುತ್ತದೆ. 2025ರ ಜುಲೈಯಿಂದ ಅಂತರ್ಜಾಲದಲ್ಲಿ ತತ್ಕಾಲ್ ಕೊಳ್ಳಲು ಆಧಾರ್ ಪರಿಶೀಲನೆ ಕಡ್ಡಾಯವಾಗಿದ್ದು, ಮೊದಲ ಅರ್ಧ ಗಂಟೆ ಏಜೆಂಟರಿಗೆ ಅವಕಾಶವಿಲ್ಲ. ಮನೆಯ ಓದಿದ ಮಕ್ಕಳು ಈ ಪರಿಶೀಲನೆಯನ್ನು ಮೊದಲೇ ಮುಗಿಸಿಟ್ಟರೆ ಹಿರಿಯರಿಗೆ ದೊಡ್ಡ ಉಪಕಾರ. ಖಚಿತವಾದ ತತ್ಕಾಲ್ ಟಿಕೇಟನ್ನು ರದ್ದು ಮಾಡಿದರೆ ಹಣ ಹಿಂದಕ್ಕೆ ಬರುವುದಿಲ್ಲವೆಂಬುದು ನೆನಪಿರಲಿ. ಅಂತರ್ಜಾಲದಲ್ಲಿ ಕೊಂಡ ಟಿಕೇಟು ಕೊನೆಯವರೆಗೂ ವೇಟಿಂಗ್ ಲಿಸ್ಟಿನಲ್ಲಿಯೇ ಉಳಿದರೆ ತಾನಾಗಿಯೇ ರದ್ದಾಗಿ ಹಣ ಮರಳುತ್ತದೆ. ಆದರೆ ಕೌಂಟರಿನಲ್ಲಿ ಕೊಂಡುದನ್ನು ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ನಾವೇ ರದ್ದು ಮಾಡಿಸಬೇಕು. ತಡವಾದರೆ ಹಣ ಹೋದಂತೆಯೇ.

ಊರು ಬಿಟ್ಟು ದುಡಿಯಲು ಹೋದವರು ಊರನ್ನು ಮರೆತವರಲ್ಲ. ಅವರು ಕಳುಹಿಸಿದ ಹಣದಿಂದ ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳು ಎದ್ದಿವೆ, ಎಷ್ಟೋ ಮಕ್ಕಳು ಓದಿದ್ದಾರೆ. ವರ್ಷಕ್ಕೊಮ್ಮೆ ತಮ್ಮ ಹೊಲದಲ್ಲಿ ಕುಳಿತು ತಾಯಿ ಬಡಿಸಿದ ಭಜ್ಜಿ ರೊಟ್ಟಿ ಉಣ್ಣಬೇಕೆಂಬ ಅವರ ಆಸೆ ಐಷಾರಾಮವಲ್ಲ. ಅದನ್ನು ಎಲ್ಲರ ಕೈಗೆಟಕುವ ದರದಲ್ಲಿ ಈಡೇರಿಸುವುದು ಜನರ ಹಣದಿಂದ ಬೆಳೆದ ರೈಲ್ವೆಯ ಕರ್ತವ್ಯ. ಅದಕ್ಕಾಗಿ ಒಟ್ಟಾಗಿ ದನಿಯೆತ್ತುವುದು ನಮ್ಮೆಲ್ಲರ ಕರ್ತವ್ಯ.