ಮನೆಯ ಹಳೇ ಕತ್ತಿಯನ್ನ ಓದೋದು ಹೇಗೆ? ಕೋನಸಮುದ್ರದ ಉಕ್ಕಿನಿಂದ ಜಪಾನಿನ ಕಟಾನಾವರೆಗೆ

ಈ ಸಲದ ಮಾತು ಹಳೇ ಕತ್ತಿಗಳ ಬಗ್ಗೆ.

ಹೈದರಾಬಾದಿಗೆ ಕೆಲಸಕ್ಕೆ ಬಂದಿರೋ ನಮ್ಮವರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯವರು ತುಂಬಾ ಜನ. 1956ರವರೆಗೆ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಯುಧಪೂಜೆಗೆ ಮಾತ್ರ ಹೊರಗೆ ಬರುವ ಕತ್ತಿ ಆ ಕಡೆಯ ಕೆಲವು ಮನೆಗಳಲ್ಲಿ ಇನ್ನೂ ಇದೆ. ನನ್ನ ಟೀಮಿನ ಒಬ್ಬರು ಮುತ್ತಾತನ ಕತ್ತಿಯನ್ನು ಗೃಹಪ್ರವೇಶಕ್ಕೆ ಮುಂಚೆ ಬಫ್ ಮಾಡಿಸಿ, ನಿಕಲ್ ಕೋಟಿಂಗ್ ಹಾಕಿಸಿ ಗೋಡೆಗೆ ಹಾಕ್ತೀನಿ ಅಂದ್ರು. "ಎರಡು ದಿನ ತಡೀರಿ" ಅಂದೆ. ಆ ಎರಡು ದಿನದಲ್ಲಿ ನಾವು ಏನೇನು ನೋಡಿದೆವು ಅನ್ನೋದನ್ನೇ ಇಲ್ಲಿ ಹೇಳ್ತೀನಿ.

ಮೊದಲೇ ಒಂದು ಮಾತು. ಹಳೇ ಅಲಗಿನ ಮೇಲಿರೋ ತುಕ್ಕು, ಗೀರು, ಮಸುಕು ಗೆರೆ ಇವೆಲ್ಲ ಕೊಳೆ ಅಲ್ಲ, ದಾಖಲೆ. ಓದೋಕೆ ಮುಂಚೆ ಉಜ್ಜಿದ್ರೆ, ಬ್ಯಾಕಪ್ ಇಲ್ಲದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ಹಾಗೆ.

ಈ ಊರಿಗೂ ಉಕ್ಕಿಗೂ ಏನು ಸಂಬಂಧ?

ಇಂಗ್ಲಿಷ್ ಪುಸ್ತಕಗಳಲ್ಲಿ "ವೂಟ್ಜ್" ಅಂತ ಒಂದು ಉಕ್ಕಿನ ಹೆಸರು ಬರುತ್ತೆ. ಅದು ನಮ್ಮ ಕನ್ನಡದ, ತೆಲುಗಿನ "ಉಕ್ಕು" ಪದದಿಂದಲೇ ಬಂದದ್ದು ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಬಗ್ಗೆ ಪ್ರಬಂಧ ಓದಿದರು. ಆಮೇಲೆ ಮೈಕೆಲ್ ಫ್ಯಾರಡೆ ಕೂಡ, ವಿದ್ಯುತ್ತಿನ ಕೆಲಸದಿಂದ ಹೆಸರಾಗೋಕೆ ಮುಂಚೆ, ಇದರ ಗುಟ್ಟು ಹುಡುಕಲು ಪ್ರಯೋಗ ಮಾಡಿದರು.

ಈ ಉಕ್ಕು ತಯಾರಾಗುತ್ತಿದ್ದ ಪ್ರಸಿದ್ಧ ಜಾಗಗಳಲ್ಲಿ ಒಂದು ಇಲ್ಲೇ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ. 1820ರ ದಶಕದಲ್ಲಿ ಅಲ್ಲಿಗೆ ಹೋದ ಹೆನ್ರಿ ವಾಯ್ಸಿ ಅನ್ನೋ ಭೂವಿಜ್ಞಾನಿ, ಇರಾನಿನ ಇಸ್ಫಹಾನಿನಿಂದ ಉಕ್ಕು ಕೊಳ್ಳಲು ಬಂದು ಕೂತಿದ್ದ ವ್ಯಾಪಾರಿಯನ್ನು ಕಂಡಿದ್ದನ್ನು ಬರೆದಿದ್ದಾರೆ. ಹಳ್ಳಿಯಲ್ಲಿ ಕಾಯಿಸಿದ ಉಕ್ಕಿನ ಗಟ್ಟಿಗಾಗಿ ಅಷ್ಟು ದೂರದಿಂದ ಜನ ಬರ್ತಿದ್ರು.

ವಿಧಾನ ಹೀಗಿತ್ತು. ಭತ್ತದ ಹೊಟ್ಟು ಬೆರೆಸಿದ ಮಣ್ಣಿನ ಮೂಸೆ. ಅದರೊಳಗೆ ಕಬ್ಬಿಣದ ಚೂರು. ಜೊತೆಗೆ ಕಾರ್ಬನ್ನಿಗಾಗಿ ಸೌದೆ, ಎಲೆ. ದಕ್ಷಿಣ ಭಾರತದ ಬಗ್ಗೆ 19ನೇ ಶತಮಾನದಲ್ಲಿ ಬರೆದವರು ತಂಗಡಿ ಗಿಡದ ಕಟ್ಟಿಗೆ, ಎಕ್ಕದ ಎಲೆ ಹಾಕ್ತಿದ್ರು ಅಂತಾರೆ. ಆ ತಂಗಡಿಯೇ ತೆಲುಗಿನ ತಂಗೇಡು, ಇವತ್ತು ತೆಲಂಗಾಣದ ರಾಜ್ಯಪುಷ್ಪ. ಮೂಸೆಯ ಬಾಯಿ ಮುಚ್ಚಿ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ನಿಧಾನಕ್ಕೆ ತಣಿಸಿದ್ರೆ ಸುಮಾರು ಶೇ. 1.2ರಿಂದ 1.8ರಷ್ಟು ಕಾರ್ಬನ್ ಇರೋ ಗಟ್ಟಿ ಸಿಗುತ್ತಿತ್ತು. ಸಾಮಾನ್ಯ ಕಟ್ಟಡದ ಕಂಬಿಯಲ್ಲಿ ಕಾರ್ಬನ್ ಶೇ. 0.3ರ ಆಸುಪಾಸು ಇರುತ್ತೆ, ಹೋಲಿಸಿ ನೋಡಿ.

ಆ ಗಟ್ಟಿಯನ್ನು ಹದವಾದ ಬಿಸಿಯಲ್ಲಿ ಮತ್ತೆ ಮತ್ತೆ ಬಡಿದಾಗ ಒಳಗಿನ ಗಟ್ಟಿ ಕಾರ್ಬೈಡ್ ಕಣಗಳು ಪಟ್ಟಿಪಟ್ಟಿಯಾಗಿ ಕೂರುತ್ತವೆ. ಅದಕ್ಕೆ ಅದಿರಿನಲ್ಲಿದ್ದ ವನೇಡಿಯಂನಂಥ ಧಾತುವಿನ ತೀರಾ ಸಣ್ಣ ಅಂಶ ಕಾರಣ ಅಂತ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ 1990ರ ದಶಕದಲ್ಲಿ ತೋರಿಸಿದರು. ಅಲಗಿಗೆ ಅನ್ನಭೇದಿಯ ನೀರು ಹಚ್ಚಿದಾಗ ಆ ಪಟ್ಟಿಗಳು ನೀರಿನ ಸುಳಿಯಂತೆ ಕಾಣ್ತವೆ. ಉರ್ದು, ಪಾರಸಿಯಲ್ಲಿ ಇದಕ್ಕೆ "ಜೌಹರ್" ಅಂತಾರೆ. ಹೊರಗಿನವರು ಡಮಾಸ್ಕಸ್ ಅಂದರು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ ಈ ಉಕ್ಕಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಅಸಲಿ, ಹೊಸದು, ನಕಲಿ

ಗುರುವಾರದ ಜುಮೇರಾತ್ ಬಜಾರ್ ಇರಲಿ, ಆನ್‌ಲೈನ್ ಅಂಗಡಿ ಇರಲಿ, "ಡಮಾಸ್ಕಸ್" ಅಂತ ಹೇಳಿ ಮಾರುವ ಅಲಗುಗಳಲ್ಲಿ ಮೂರು ಜಾತಿ. ನೋಡೋಕೆ ಬೇಕಾದ್ದು ಆಭರಣದಂಗಡಿಯವರು ಇಟ್ಟುಕೊಳ್ಳುವ 10 ಪಟ್ಟಿನ ಭೂತಗನ್ನಡಿ ಮತ್ತು ಓರೆಯಾಗಿ ಬೀಳುವ ಬೆಳಕು, ಅಷ್ಟೇ.

ಒಂದು, ಮೂಸೆ ಉಕ್ಕು. ಗೆರೆಗಳು ತೀರಾ ಸಣ್ಣ, ಒಂದರಂತೆ ಇನ್ನೊಂದಿಲ್ಲ. ಎಲ್ಲೂ ಬೆಸುಗೆಯ ಸಾಲು ಕಾಣಲ್ಲ. ವಿನ್ಯಾಸ ಅಲಗಿನ ಬೆನ್ನಿನ ಮೇಲೂ ಮುಂದುವರಿಯುತ್ತೆ, ಯಾಕಂದ್ರೆ ಅದು ಲೋಹದ ಮೈಯೊಳಗೇ ಇದೆ.

ಎರಡು, ಪದರ ಬೆಸೆದದ್ದು. ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದಿಟ್ಟು ಬೆಸೆದು ಮಡಚಿದ್ದು. ಇವತ್ತು ಮಾರಾಟವಾಗುವ ಹೆಚ್ಚಿನ ಡಮಾಸ್ಕಸ್ ಚಾಕುಗಳು ಇವೇ. ಗೆರೆ ದಪ್ಪ, ಕಪ್ಪು-ಬಿಳುಪಿನ ವ್ಯತ್ಯಾಸ ಜೋರು, ವಿನ್ಯಾಸ ಒಂದೇ ಅಳತೆಯಲ್ಲಿ ಮರುಕಳಿಸುತ್ತೆ. ಬೆನ್ನಿನ ಮೇಲೆ ಪದರಗಳು ಪುಸ್ತಕದ ಹಾಳೆಯಂತೆ ಕಾಣ್ತವೆ. ಇದು ಮೋಸವೇನಲ್ಲ, ಬೇರೆ ತಂತ್ರ. ಆದರೆ ಅದನ್ನೇ ಗೋಲ್ಕೊಂಡ ಕಾಲದ ಉಕ್ಕು ಅಂತ ಮಾರಿದ್ರೆ ಮೋಸ.

ಮೂರು, ಆಸಿಡ್‌ನಿಂದ ಬರೆದದ್ದು. ವಿನ್ಯಾಸ ಎರಡು ಪಕ್ಕಗಳಲ್ಲಿ ಮಾತ್ರ, ಬೆನ್ನು ಬೋಳು.

ಬರಹ ಇದೆ ಅಂತ ಮರುಳಾಗಬೇಡಿ. "ಅಸದುಲ್ಲಾ ಇಸ್ಫಹಾನಿ" ಅನ್ನೋ ಕುಶಲಿಯ ಹೆಸರು ಬೇರೆ ಬೇರೆ ಶತಮಾನದ, ಬೇರೆ ಬೇರೆ ಊರಿನ ಅಲಗುಗಳ ಮೇಲೆ ಸಿಗುತ್ತೆ. ಅದು ಸಹಿಗಿಂತ ಬ್ರ್ಯಾಂಡ್ ಆಗಿಬಿಟ್ಟಿತ್ತು. ಹಿಜರಿ ಇಸವಿ ಇದ್ದರೆ ಲೆಕ್ಕ ಸುಲಭ: ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 1100 ಅಂದ್ರೆ ಹೆಚ್ಚುಕಡಿಮೆ 1689. ಗೋಲ್ಕೊಂಡ ಔರಂಗಜೇಬನ ಕೈಗೆ ಬಿದ್ದದ್ದು 1687ರಲ್ಲಿ. ಹಾಗಾಗಿ ಹಿಜರಿ 1100ರ ಅಲಗನ್ನು ಯಾರಾದ್ರೂ ಕುತುಬ್ ಶಾಹಿ ದೊರೆಯ ಕತ್ತಿ ಅಂದ್ರೆ ಲೆಕ್ಕ ತಾಳೆಯಾಗಲ್ಲ.

ಹಿಡಿ ನೋಡಿ ಅಲಗಿನ ವಯಸ್ಸು ಹೇಳೋಕೂ ಆಗಲ್ಲ. ನಮ್ಮ ತಲ್ವಾರುಗಳಲ್ಲಿ ಅಲಗಿನ ಗಿಡ್ಡ ಬಾಲವನ್ನು ಹಿಡಿಯೊಳಗೆ ಅರಗಿನಂಥ ಅಂಟಿನಿಂದ ಕೂರಿಸ್ತಾರೆ. ಹಿಡಿ ಮುರಿದ್ರೆ ಬೇರೆ ಹಾಕಿಸ್ತಿದ್ರು. ಯುರೋಪಿನಿಂದ ತರಿಸಿದ ಅಲಗಿಗೆ ದಖ್ಖನಿನ ಹಿಡಿ ಹಾಕಿದ "ಫಿರಂಗಿ" ಕತ್ತಿಗಳೂ ಇದ್ದವು.

ಜಪಾನಿನವರು ಕಲಿಸೋ ಪಾಠ

ಅಲಗು ಓದುವ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಜಪಾನಿನವರು. ಅವರ ಕತ್ತಿಯಲ್ಲಿ ಹಿಡಿಗೂ ಅಲಗಿಗೂ ನಡುವೆ ಒಂದು ಬಿದಿರಿನ ಮೊಳೆ ಮಾತ್ರ. ಅದನ್ನು ತೆಗೆದ್ರೆ ಬಾಲ ಹೊರಗೆ ಬರುತ್ತೆ. ಅದರ ಹೆಸರು "ನಕಾಗೊ". ಕುಶಲಿಯ ಸಹಿ ಇದ್ದರೆ ಅಲ್ಲೇ ಇರುತ್ತೆ. ತುಕ್ಕು ಕಪ್ಪುಗಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ರೆ ಹಳೆಯದು, ಕೆಂಪು ಹಸಿತುಕ್ಕಾದರೆ ಈಚಿನದು ಅಂತ ಮೊದಲ ಅಂದಾಜು. ಅಲಗನ್ನು ಕನ್ನಡಿಯಂತೆ ಹೊಳಪು ಮಾಡಿಸುವ ಅದೇ ಜನ ನಕಾಗೊದ ತುಕ್ಕನ್ನು ಮಾತ್ರ ಯಾವತ್ತೂ ಮುಟ್ಟಲ್ಲ. ಅದನ್ನು ಉಜ್ಜಿದ ಕತ್ತಿಯ ಬೆಲೆ ಅಲ್ಲೇ ಕುಸಿಯುತ್ತೆ.

"ಜಪಾನಿ ಕತ್ತಿ ನಮ್ಮೂರಲ್ಲಿ ಎಲ್ಲಿಂದ ಬರಬೇಕು?" ಅಂತೀರಾ? 1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಜಪಾನಿ ಸೈನ್ಯದ ಎದುರು ಹೋರಾಡಿದವರಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ ಕೂಡ ಇತ್ತು. ಅದರ ಮುಂದಾಳು ಕೊಡಗಿನ ಕೆ.ಎಸ್. ತಿಮ್ಮಯ್ಯ. ಯುದ್ಧ ಮುಗಿದಾಗ ಜಪಾನಿ ಅಧಿಕಾರಿಗಳು ತಮ್ಮ ಕತ್ತಿ ಒಪ್ಪಿಸಲೇಬೇಕು ಅಂತ ಮೌಂಟ್‌ಬ್ಯಾಟನ್ ಪಟ್ಟು ಹಿಡಿದರು. ಹಾಗೆ ಸೈನ್ಯದ ಕೈಗೆ ಬಂದ ಕತ್ತಿ ಒಂದು ಸೈನಿಕ ಕುಟುಂಬದ ಟ್ರಂಕಿನಲ್ಲಿ ಸಿಕ್ಕಿದ್ರೆ ಆಶ್ಚರ್ಯ ಇಲ್ಲ.

ಅಂಥದ್ದು ಸಿಕ್ಕರೆ ಹೀಗೆ ನೋಡಿ. ಲೋಹದ ಹಿಡಿ, ಅಲಗಿನ ಮೇಲೆ ಕೊರೆದ ಕ್ರಮಸಂಖ್ಯೆ ಇದ್ದರೆ ಅದು ಕಾರ್ಖಾನೆಯಲ್ಲಿ ಮಾಡಿದ, ಹವಾಲ್ದಾರ್ ದರ್ಜೆಯವರ ಕತ್ತಿ. ನಕಾಗೊ ಮೇಲೆ ಸಣ್ಣ ಮುದ್ರೆ ಒತ್ತಿದ್ದರೆ ಅದೂ ಹೆಚ್ಚಾಗಿ ಯುದ್ಧಕಾಲದ ಮಾಲು. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೇ ಅಲಗಿಗೇ ಸೈನ್ಯದ ಹಿಡಿ ಹಾಕಿಸಿಕೊಂಡು ಯುದ್ಧಕ್ಕೆ ಹೋಗಿದ್ದರು. ಹೊರಗೆ 1940ರ ಸರಕಿನಂತೆ ಕಾಣುವ ಕತ್ತಿಯೊಳಗೆ 400 ವರ್ಷದ ಅಲಗು ಇರಬಹುದು. ಅಂಚಿನ ಪಕ್ಕ ಮೋಡದಂಥ ಬಿಳಿ ಗೆರೆ ಓಡುತ್ತಲ್ಲ, ಅದು "ಹಮೊನ್". ಅಲಗಿಗೆ ಜೇಡಿಮಣ್ಣು ಮೆತ್ತಿ, ಅಂಚಿನ ಕಡೆ ತೆಳುವಾಗಿಟ್ಟು, ಕಾಯಿಸಿ ನೀರಿಗೆ ಅದ್ದಿದಾಗ ಮೂಡುವ ಗಡಿ. ಅಸಲಿ ಹಮೊನ್‌ನೊಳಗೆ ಭೂತಗನ್ನಡಿಯಲ್ಲಿ ಸಣ್ಣ ಹೊಳೆಯುವ ಕಣಗಳು ಕಾಣ್ತವೆ. ಆಸಿಡ್ ಗೆರೆಯಲ್ಲಿ ಬರೀ ಮಂಕು.

ಮಾಡಬೇಕಾದ್ದು, ಮಾಡಬಾರದ್ದು

ಬಫ್, ಸ್ಯಾಂಡ್‌ಪೇಪರ್, ಹುಣಸೆಹಣ್ಣು ಮೂರೂ ಬೇಡ. ನಮ್ಮ ಸ್ನೇಹಿತರ ಕತ್ತಿಯಲ್ಲಿ ಹಿಡಿಯ ಹತ್ತಿರ, ಕಂದು ಮಚ್ಚೆಯ ನಡುವೆ, ಚಿನ್ನದ ಎಳೆಯ ಅರ್ಧ ಅಕ್ಷರ ಇತ್ತು. ಬಫ್ ಚಕ್ರಕ್ಕೆ ಅದು ಹತ್ತು ಸೆಕೆಂಡಿನ ಕೆಲಸ.

ಇನ್ನೂ ಮುಖ್ಯವಾದದ್ದು, ಬೆಂಕಿಗೆ ಹಿಡಿಯಬೇಡಿ. ಉಜ್ಜಿ ಹೋದ ಜೌಹರನ್ನು ತಿಳಿದವರು ಮತ್ತೆ ಎಬ್ಬಿಸಬಹುದು, ಯಾಕಂದ್ರೆ ಅದು ಮೈಯೊಳಗಿದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ್ರೆ ಕಾರ್ಬೈಡ್ ಪಟ್ಟಿಗಳೇ ಕರಗಿಹೋಗಬಹುದು. ಮೃದು ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ತೆಳುವಾಗಿ ಮೆಷಿನ್ ಎಣ್ಣೆ ಹಚ್ಚಿ. ಚರ್ಮದ ಒರೆ ತೇವ ಹಿಡಿಯುತ್ತೆ, ಅದರೊಳಗೇ ವರ್ಷಗಟ್ಟಲೆ ಇಡಬೇಡಿ. ಎರಡೂ ಪಕ್ಕ, ಬೆನ್ನು, ಹಿಡಿಯ ಬುಡ ಎಲ್ಲದರ ಫೋಟೋ ತೆಗೆದಿಡಿ. ಅಜ್ಜಿಗೆ ನೆನಪಿರೋದನ್ನೂ ಇವತ್ತೇ ರೆಕಾರ್ಡ್ ಮಾಡಿಕೊಳ್ಳಿ.

ಕಾನೂನಿನ ಮಾತು ಎರಡು. 100 ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ನೀವಾಗಿ ದೇಶದ ಹೊರಗೆ ಒಯ್ಯೋ ಹಾಗಿಲ್ಲ. ಆನ್‌ಸೈಟ್ ಹೋಗುವಾಗ ಮಗನ ಮನೆಗೆ ಅಂತ ಸೂಟ್‌ಕೇಸಿಗೆ ಹಾಕಬೇಡಿ. ಕತ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೂ ಬರುತ್ತೆ. ಇಟ್ಟುಕೊಳ್ಳುವ ಮತ್ತು ಸಾಗಿಸುವ ನಿಯಮವನ್ನು ನಿಮ್ಮ ಠಾಣೆಯಲ್ಲಿ ಕೇಳಿಕೊಳ್ಳಿ.

ಕಣ್ಣು ಪಳಗಿಸೋಕೆ ಮೂಸಿ ನದಿಯ ದಡದ ಸಾಲಾರ್ ಜಂಗ್ ಮ್ಯೂಸಿಯಂಗಿಂತ ಒಳ್ಳೆ ಜಾಗ ಈ ಊರಲ್ಲಿಲ್ಲ. ಶುಕ್ರವಾರ ರಜೆ. ಆಯುಧಗಳ ಗ್ಯಾಲರಿಯಲ್ಲಿ ರತ್ನ ಕೂರಿಸಿದ ಹಿಡಿಗಳ ಮುಂದೆ ಜನ ಗುಂಪು ಕಟ್ಟಿರ್ತಾರೆ. ನೀವು ಹಿಡಿ ಬಿಟ್ಟು ಅಲಗನ್ನ ನೋಡಿ. ಗಾಜಿನ ಪಕ್ಕಕ್ಕೆ ಸರಿದು ಓರೆಯಿಂದ ನೋಡಿದ್ರೆ ಉಕ್ಕಿನ ಮೇಲೆ ನೀರಿನ ಸುಳಿ ಏಳುತ್ತೆ. ಅದನ್ನು ಒಮ್ಮೆ ಕಂಡ ಮೇಲೆ ಬಜಾರಿನ ನಕಲಿಗಳು ದೂರದಿಂದಲೇ ಗೊತ್ತಾಗ್ತವೆ.