ರಾತ್ರಿ ಪಾಳಿಯ ಸಂಬಳ ಮತ್ತು ಯುವಜನರ ನಿರಾಸೆ

2000ರ ದಶಕದಲ್ಲಿ ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಯುವಜನರನ್ನು ಕಾಲ್ ಸೆಂಟರ್‌ಗಳು ಕೈಬೀಸಿ ಕರೆದವು. ನ್ಯೂಯಾರ್ಕ್‌ನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿನ ಹಗಲಿನ ವ್ಯವಹಾರ ಇಲ್ಲಿ ರಾತ್ರಿ ಪಾಳಿಯಾಯಿತು. ಪದವಿ ಮುಗಿಸಿದೊಡನೆ ಕೈತುಂಬ ಸಂಬಳ ದೊರೆತರೂ ನಿದ್ರಾಭಂಗ, ಗ್ರಾಹಕರ ಬೈಗುಳ, ಬರೆದುಕೊಟ್ಟ ಮಾತನ್ನೇ ಒಪ್ಪಿಸುವ ಬೇಸರ ಅನೇಕರು ಕೆಲಸ ತೊರೆಯಲು ಕಾರಣವಾದವು. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಉದ್ಯೋಗಿನಿಯೊಬ್ಬರು ನಗರದಲ್ಲಿ ಕೊಲೆಯಾದುದು ಮನೆಮನೆಗಳಲ್ಲಿ ಆತಂಕ ಮೂಡಿಸಿತು.

ಸಣ್ಣ ಉದ್ಯಮಿಗಳಾದ ನಮಗೆ ಇದರಲ್ಲಿ ಪಾಠವಿದೆ. ಸಂಬಳವೊಂದೇ ನೌಕರರನ್ನು ಹಿಡಿದಿಡಲಾರದು. ಅಷ್ಟು ಸಂಬಳ ಕೊಡಲಾಗದವರೂ ಹಗಲಿನ ಕೆಲಸ, ಕಸುಬಿನ ಕಲಿಕೆ, ಬಡ್ತಿಯ ಭರವಸೆ ನೀಡಬಲ್ಲರು. ಮೂರು ವರ್ಷಗಳಲ್ಲಿ ಏನು ಕಲಿತು ಯಾವ ಹುದ್ದೆಗೇರಬಹುದೆಂಬುದನ್ನು ನೇಮಕಾತಿಯ ದಿನವೇ ತಿಳಿಸುವುದು ಒಳಿತು.