ರೂಮು ಬುಕ್ ಆಗುತ್ತೆ, ಆಮೆ ಮರಿ ಬುಕ್ ಆಗಲ್ಲ: ಕೋಥರೂಡದಿಂದ ವೇಳಾಸ್ ಕಡಲತೀರಕ್ಕೆ ಹೊರಡುವ ಮುನ್ನ ಇದನ್ನು ಓದಿ

ಫೆಬ್ರವರಿ ಕಳೆಯುತ್ತಿದ್ದಂತೆ ಪುಣೆಯ ಕೋಥರೂಡದ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ. ಈ ಸಲ ಆಮೆ ನೋಡಲು ಯಾವ ಶನಿವಾರ ಹೋಗೋಣ? ಶುಕ್ರವಾರ ರಾತ್ರಿ ಬ್ಯಾಗು ತುಂಬಿ, ಶನಿವಾರ ನಸುಕಿನಲ್ಲೇ ಚಾಂದನಿ ಚೌಕ ದಾಟಿ ತಾಮ್ಹಿಣಿ ಘಾಟಿನ ಕಡೆ ತಿರುಗುವ ಕಾರುಗಳಲ್ಲಿ ಕನ್ನಡ ಮಾತೂ ಕೇಳಿಸುತ್ತದೆ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದ ಕುಟುಂಬಗಳು ಈ ಭಾಗದಲ್ಲಿ ಕಡಿಮೆಯೇನಲ್ಲ. ಪುಣೆ ಕನ್ನಡ ಸಂಘದ ಶಾಲೆ, ಕಾಲೇಜುಗಳಿರುವ ಗಣೇಶನಗರವೂ ಇಲ್ಲಿಂದ ಕೂಗಳತೆಯಲ್ಲೇ ಇದೆ.

ಇವರೆಲ್ಲ ಹೊರಡುವುದು ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲ್ಲೂಕಿನ ವೇಳಾಸ್ ಎಂಬ ಪುಟ್ಟ ಊರಿಗೆ. ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಮರಳಿನಿಂದ ಎದ್ದು ಸಮುದ್ರ ಸೇರುವುದನ್ನು ಕಣ್ಣಾರೆ ನೋಡಬಹುದಾದ ತೀರ ಇದು. ಆದರೆ ಹೋದವರಲ್ಲಿ ಎಷ್ಟೋ ಮಂದಿ ಒಂದು ಮರಿಯನ್ನೂ ಕಾಣದೆ ವಾಪಸಾಗುತ್ತಾರೆ. ಮಕ್ಕಳು ಮುಖ ಊದಿಸಿಕೊಂಡು ಕೂರುತ್ತವೆ. ದೋಷ ಊರಿನದೂ ಅಲ್ಲ, ಆಮೆಯದೂ ಅಲ್ಲ. ಬೇರೆ ಬೀಚ್ ಪ್ರವಾಸದಂತೆ ಇದನ್ನೂ ನಮ್ಮ ರಜೆಗೆ ಹೊಂದಿಸಿಕೊಂಡು ಪ್ಲಾನ್ ಮಾಡುವುದೇ ಮೊದಲ ತಪ್ಪು.

ಮೊಟ್ಟೆ ಮಾರುತ್ತಿದ್ದ ತೀರ

2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಬಿಳಿಹೊಟ್ಟೆಯ ಕಡಲ ಹದ್ದಿನ ಸಮೀಕ್ಷೆಗೆಂದು ಈ ಕರಾವಳಿಯಲ್ಲಿ ಓಡಾಡುತ್ತಿದ್ದರು. ವೇಳಾಸ್‌ನ ಮರಳಿನಲ್ಲಿ ಅವರಿಗೆ ಸಿಕ್ಕಿದ್ದು ಆಮೆ ಮೊಟ್ಟೆಯ ಸಿಪ್ಪೆಗಳು. ವಿಚಾರಿಸಿದಾಗ ವಿಷಯ ಹೊರಬಂತು. ಆಮೆ ಇಲ್ಲಿ ಮೊಟ್ಟೆ ಇಡುತ್ತದೆ, ಆದರೆ ಮರಿ ಆಗುವುದು ಅಪರೂಪ. ನಾಯಿ, ನರಿ ಬಿಟ್ಟದ್ದನ್ನು ಮನುಷ್ಯರು ಅಗೆದು ಒಯ್ಯುತ್ತಿದ್ದರು. ಮೊಟ್ಟೆಗೆ ಗಿರಾಕಿಗಳಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ, ಅಂದರೆ ಹುಲಿಯ ಸಾಲಿನಲ್ಲೇ, ಈ ಆಮೆಯೂ ಇದೆ. ಆದರೆ ನಡುರಾತ್ರಿ ತೀರದಲ್ಲಿ ಕಾಯ್ದೆಯನ್ನು ಕಾಯುವವರು ಯಾರು?

ಕೊನೆಗೆ ಕಾಯಲು ನಿಂತವರು ಊರಿನವರೇ. ಸಂಸ್ಥೆಯ ಭಾವೂ ಕಾಟದರೆ ಮತ್ತು ಸಂಗಡಿಗರು ಹಳ್ಳಿಯವರ ಜತೆ ಸೇರಿ, ಅರಣ್ಯ ಇಲಾಖೆಯ ನೆರವಿನಿಂದ ಗೂಡುಗಳನ್ನು ಕಾಪಾಡತೊಡಗಿದರು. 2006ರಿಂದ 'ಕಾಸವ ಮಹೋತ್ಸವ' ಶುರುವಾಯಿತು. ಕಾಸವ ಎಂದರೆ ಮರಾಠಿಯಲ್ಲಿ ಆಮೆ. ಹಬ್ಬ ಎಂದಾಕ್ಷಣ ಪೆಂಡಾಲು, ಧ್ವನಿವರ್ಧಕ ಎಂದುಕೊಳ್ಳಬೇಡಿ. ಮರಿ ಹೊರಬರುವ ದಿನಗಳಲ್ಲಿ ಊರಿನ ಮನೆಗಳೇ ಹೋಂ ಸ್ಟೇ ಆಗುತ್ತವೆ. ತೆಂಗು ಅಡಿಕೆ ತೋಟದ ನಡುವಿನ ಮನೆ, ಕೊಂಕಣದ ಸಾದಾ ಊಟ, ಜತೆಗೆ ಸೋಲಕಡಿ. ಮೊಟ್ಟೆ ಮಾರಿದರೆ ಒಮ್ಮೆ ಸಿಗುತ್ತಿದ್ದ ಪುಡಿಗಾಸಿಗಿಂತ, ಮೊಟ್ಟೆ ಉಳಿಸಿದರೆ ಪ್ರತಿ ವರ್ಷ ಬರುವ ಅತಿಥಿಗಳ ಹಣ ದೊಡ್ಡದು ಎಂಬ ಲೆಕ್ಕ ಊರಿಗೆ ಹಿಡಿಸಿತು. ವೇಳಾಸ್‌ನ ಸಂರಕ್ಷಣೆ ಇಂದಿಗೂ ನಿಂತಿರುವುದು ಈ ಲೆಕ್ಕದ ಮೇಲೆಯೇ. ಹಾಗಾಗಿ ಬೆಳಿಗ್ಗೆ ಬಂದು ಸಂಜೆಗೆ ಓಡುವುದಕ್ಕಿಂತ ಊರಿನಲ್ಲೇ ಉಳಿದು, ಊರಿನಲ್ಲೇ ಉಂಡು ಬರುವುದು ಆಮೆಗೂ ಒಳ್ಳೆಯದು.

ದಿನ ಗೊತ್ತು ಮಾಡುವ ಲೆಕ್ಕ

ಹೆಣ್ಣಾಮೆ ರಾತ್ರಿ ಹೊತ್ತು ತೀರಕ್ಕೆ ಬಂದು, ಹಿಂಗಾಲಿನಿಂದ ಹೂಜಿಯಾಕಾರದ ಗುಂಡಿ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೊರಟುಬಿಡುತ್ತದೆ. ಆ ಗೂಡಿನತ್ತ ಮತ್ತೆ ತಿರುಗಿಯೂ ನೋಡುವುದಿಲ್ಲ. ಮುಂಜಾನೆ ಕಾರ್ಯಕರ್ತರು ಮರಳಿನ ಮೇಲಿನ ಜಾಡು ಹಿಡಿದು ಗೂಡು ಪತ್ತೆ ಮಾಡಿ, ಮೊಟ್ಟೆಗಳನ್ನು ತೀರದಲ್ಲೇ ಇರುವ ಬೇಲಿ ಹಾಕಿದ ಹ್ಯಾಚರಿಗೆ ಸಾಗಿಸುತ್ತಾರೆ. ಅಲ್ಲಿ ಅಷ್ಟೇ ಆಳದ, ಅದೇ ಆಕಾರದ ಗುಂಡಿ ತೋಡಿ ಹೂಳುತ್ತಾರೆ. ಈ ಕೆಲಸ ಬೇಗ ಮುಗಿಯಬೇಕು. ಹೊತ್ತು ಕಳೆದಷ್ಟೂ ಮೊಟ್ಟೆ ಅಲುಗಾಡಿದರೆ ಒಳಗಿನ ಭ್ರೂಣ ಸಾಯುವ ಅಪಾಯ ಹೆಚ್ಚು. ಪ್ರತಿ ಗುಂಡಿಗೂ ಮೊಟ್ಟೆ ಇಟ್ಟ ದಿನಾಂಕ, ಮೊಟ್ಟೆಗಳ ಸಂಖ್ಯೆ ಬರೆದಿಡುತ್ತಾರೆ.

ಪ್ರವಾಸ ಹೊರಡುವವರಿಗೆ ಬೇಕಾದ ಮಾಹಿತಿ ಇರುವುದು ಆ ದಿನಾಂಕದಲ್ಲೇ. ಮೊಟ್ಟೆ ಮರಿಯಾಗಲು ಸಾಮಾನ್ಯವಾಗಿ 45ರಿಂದ 60 ದಿನ ಬೇಕು. ಮರಳು ತಂಪಾಗಿದ್ದರೆ ತಡ, ಕಾದಿದ್ದರೆ ಬೇಗ. (ಮರಳಿನ ಶಾಖವೇ ಮರಿ ಹೆಣ್ಣೋ ಗಂಡೋ ಎಂಬುದನ್ನೂ ತೀರ್ಮಾನಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಹೆಣ್ಣು ಮರಿಗಳೇ ಹೆಚ್ಚು.) ಜನವರಿ ಮೊದಲ ವಾರ ಇಟ್ಟ ಮೊಟ್ಟೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಒಡೆಯಬಹುದು. ಫೋನ್ ಮಾಡಿದಾಗ "ಮಹೋತ್ಸವ ಯಾವಾಗ?" ಎಂದು ಕೇಳಿದರೆ ಸಾಲದು. "ನಾವು ಬರುವ ಶನಿವಾರಕ್ಕೆ 45 ದಿನ ದಾಟಿದ ಗೂಡು ಎಷ್ಟಿರುತ್ತವೆ?" ಎಂದು ಕೇಳಿ. ಒಂದೇ ಇದ್ದರೆ ಅದೃಷ್ಟದ ಮಾತು. ನಾಲ್ಕೈದಿದ್ದರೆ ಧೈರ್ಯವಾಗಿ ಹೊರಡಬಹುದು. ರೂಮು ಮೊದಲೇ ಬುಕ್ ಮಾಡಿದ್ದರೂ ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಕೇಳುವುದು ಲೇಸು.

ಇನ್ನೊಂದು ತೊಡಕಿದೆ. ಮಕ್ಕಳ ಪರೀಕ್ಷೆ ಮುಗಿಯಲಿ, ಮೇ ರಜೆಯಲ್ಲಿ ನಿರಾಳವಾಗಿ ಹೋದರಾಯಿತು ಎಂದುಕೊಳ್ಳುವ ಪೋಷಕರು ಬಹಳ. ಮೇ ಹೊತ್ತಿಗೆ ಆಟ ಬಹುತೇಕ ಮುಗಿದಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಒಳ್ಳೆಯ ಕಾಲ. ಪರೀಕ್ಷೆಯ ನಡುವೆ ಎರಡು ದಿನ ಹೊಂದಿಸಿಕೊಳ್ಳಬೇಕು, ಇಲ್ಲವೇ ಮುಂದಿನ ವರ್ಷ ನೋಡಬೇಕು. ಸಾಧ್ಯವಿದ್ದರೆ ವಾರದ ನಡುವೆ ಹೋಗಿ. ಜನ ಕಡಿಮೆ, ಊರಿನವರಿಗೂ ಮಾತಾಡಲು ಪುರುಸೊತ್ತು.

ದಾರಿ ಹೇಗೆ?

ಕೋಥರೂಡದವರಿಗೆ ಈ ದಾರಿಯಲ್ಲಿ ಒಂದು ಅನುಕೂಲ. ಪುಣೆ ನಗರವನ್ನು ದಾಟುವ ಗೋಳೇ ಇಲ್ಲ. ಚಾಂದನಿ ಚೌಕದಿಂದ ಪೌಡ್, ಮುಳಶಿ ಜಲಾಶಯದ ಅಂಚು, ತಾಮ್ಹಿಣಿ ಘಾಟು, ನಿಜಾಮಪುರ ಮಾರ್ಗವಾಗಿ ಮಾಣಗಾಂವ್. ಅಲ್ಲಿ ಎದುರಾಗುವುದು ರಾಷ್ಟ್ರೀಯ ಹೆದ್ದಾರಿ 66. ಕಾರವಾರ, ಹೊನ್ನಾವರ, ಉಡುಪಿ, ಮಂಗಳೂರು ಮುಟ್ಟುವುದೂ ಇದೇ ರಸ್ತೆ. ಮಾಣಗಾಂವ್‌ನಿಂದ ಮ್ಹಸಳಾ, ಹರಿಹರೇಶ್ವರ ದಾಟಿ ಬಾಗಮಾಂಡಲಾ ಜೆಟ್ಟಿ. ಕಾರು ಸಮೇತ ಬಾರ್ಜ್ ಹತ್ತಿ ಸಾವಿತ್ರಿ ನದಿಯ ಅಳಿವೆ ದಾಟಿದರೆ ವೇಶ್ವಿ. ಅಲ್ಲಿಂದ ಬಾಣಕೋಟ ಹಾದು ವೇಳಾಸ್. ಒಟ್ಟು ಸುಮಾರು 200 ಕಿಲೋಮೀಟರ್. ಘಾಟು, ತಿರುವು, ಬಾರ್ಜಿನ ಸರದಿ ಸೇರಿದರೆ ಐದಾರು ಗಂಟೆ ಹಿಡಿಯುತ್ತದೆ.

ಸಾವಿತ್ರಿ ಹುಟ್ಟುವುದು ಮಹಾಬಳೇಶ್ವರದಲ್ಲಿ, ಕೃಷ್ಣೆಯ ಮಗ್ಗುಲಲ್ಲೇ. ಕೃಷ್ಣೆ ಪೂರ್ವಕ್ಕೆ ಹರಿದು ಚಿಕ್ಕೋಡಿ, ಜಮಖಂಡಿ ಕಡೆ ಬಂದರೆ, ಸಾವಿತ್ರಿ ಪಶ್ಚಿಮಕ್ಕೆ ಧುಮುಕಿ ಈ ಅಳಿವೆಯಲ್ಲಿ ಕಡಲು ಸೇರುತ್ತದೆ. ಬಾರ್ಜಿನ ಮೇಲೆ ನಿಂತಾಗ ಮಕ್ಕಳಿಗೆ ತೋರಿಸಲು ಒಳ್ಳೆಯ ಭೂಗೋಳ ಪಾಠ.

ಬಾರ್ಜಿನ ಕೊನೆಯ ಸರದಿ ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ತಪ್ಪಿದರೆ ಮಂಡಣಗಡದ ಮೇಲಿನಿಂದ ದೊಡ್ಡ ಸುತ್ತು. ಕೈಯಲ್ಲಿ ನಗದು ಇರಲಿ. ಊರಿನಲ್ಲಿ ಮೊಬೈಲ್ ಸಿಗ್ನಲ್ಲು, ಎಟಿಎಂ ನಂಬಿಕೊಂಡು ಹೋಗಬೇಡಿ. ಮದ್ಯ, ಮಾಂಸ, ಡಿಜೆ ಬಯಸುವವರಿಗೆ ಇದು ತಕ್ಕ ಜಾಗವಲ್ಲ. ನೀರಾಟವೇ ಮುಖ್ಯವಾದರೆ ಶ್ರೀವರ್ಧನದಲ್ಲೇ ನಿಲ್ಲುವುದು ವಾಸಿ.

ಹಗ್ಗದ ಆಚೆ, ಹಗ್ಗದ ಈಚೆ

ಬೆಳಿಗ್ಗೆ ಏಳರ ಸುಮಾರಿಗೆ, ಸಂಜೆ ಆರರ ಸುಮಾರಿಗೆ ಕಾರ್ಯಕರ್ತರು ಹ್ಯಾಚರಿಯಲ್ಲಿ ಗೂಡುಗಳ ಮೇಲೆ ಮುಚ್ಚಿದ ಬುಟ್ಟಿಗಳನ್ನು ಎತ್ತಿ ನೋಡುತ್ತಾರೆ. ಮರಿ ಎದ್ದಿದ್ದರೆ ಅವನ್ನು ತಂದು ಅಲೆಯಿಂದ ತುಸು ದೂರದಲ್ಲಿ ಮರಳಿನ ಮೇಲೆ ಬಿಡುತ್ತಾರೆ. ನೇರವಾಗಿ ನೀರಿಗೇ ಬಿಡಬಾರದೇಕೆ ಎಂದು ಪ್ರತಿ ಗುಂಪಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಆ ನಾಲ್ಕು ಮಾರು ತೆವಳುವಾಗಲೇ ಮರಿಯಲ್ಲಿ ತನ್ನ ತೀರದ ಗುರುತು ಅಚ್ಚಾಗುತ್ತದೆ, ದೊಡ್ಡದಾದ ಮೇಲೆ ಮೊಟ್ಟೆಯಿಡಲು ಅದೇ ಭಾಗಕ್ಕೆ ಮರಳಲು ಇದು ನೆರವಾಗುತ್ತದೆ ಎಂಬುದು ತಜ್ಞರ ಅಭಿಪ್ರಾಯ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರಿಗಳಲ್ಲಿ ಪ್ರಾಯಕ್ಕೆ ಬರುವುದು ಸಾವಿರಕ್ಕೆ ಒಂದು ಎಂಬುದು ಸಾಮಾನ್ಯ ಅಂದಾಜು.

ಪ್ರೇಕ್ಷಕರು ಹಗ್ಗದ ಈಚೆ ನಿಲ್ಲಬೇಕು. ಸುಮ್ಮನೆ ಹಾಕಿದ ಹಗ್ಗವಲ್ಲ ಅದು. ಒದ್ದೆ ಮರಳಿನಲ್ಲಿ ನಮ್ಮ ಹೆಜ್ಜೆ ಬಿದ್ದ ಕುಳಿ ಮರಿಗೆ ಬಾವಿಯಿದ್ದಂತೆ. ಬಿದ್ದರೆ ಹತ್ತಿ ಬರುವಷ್ಟರಲ್ಲಿ ಅರ್ಧ ಶಕ್ತಿ ಮುಗಿದಿರುತ್ತದೆ, ಅಷ್ಟರಲ್ಲಿ ಕಾಗೆ, ಹದ್ದು ಕಾದಿರುತ್ತವೆ. ಮರಿ ದಾರಿ ಹಿಡಿಯುವುದು ಬೆಳಕಿನ ಜಾಡಿನಲ್ಲಿ. ಕಡಲ ಮೇಲಿನ ಬಯಲು ಬೆಳಕನ್ನು ನೋಡಿ ಅತ್ತ ಸಾಗಬೇಕಾದದ್ದು, ಮೊಬೈಲ್ ಫ್ಲ್ಯಾಶ್ ಹೊಳೆದರೆ ಜನರತ್ತ ತಿರುಗುತ್ತದೆ. ಮುಟ್ಟುವುದು, ಅಂಗೈ ಮೇಲಿಟ್ಟು ಸೆಲ್ಫಿ ತೆಗೆಯುವುದು ಕೇಳಲೇಬಾರದ ಮಾತು. ರಾತ್ರಿ ಟಾರ್ಚ್ ಹಿಡಿದು ತೀರದಲ್ಲಿ ಅಡ್ಡಾಡುವುದೂ ಬೇಡ. ಬೆಳಕು, ಸದ್ದು ಕಂಡರೆ ದಡಕ್ಕೆ ಬಂದ ತಾಯಾಮೆ ಮೊಟ್ಟೆ ಇಡದೆ ಹಿಂದಿರುಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಒತ್ತಾಯ. ಶನಿವಾರ ಸಂಜೆ ನೂರಾರು ಜನ ಸೇರಿದ್ದಾರೆ, ಬುಟ್ಟಿಯಡಿ ಮರಿಯಿಲ್ಲ. "ಅಷ್ಟು ದೂರದಿಂದ ಬಂದಿದ್ದೇವೆ, ಒಂದನ್ನಾದರೂ ತೋರಿಸಿ" ಎಂಬ ಕೂಗು ಏಳುತ್ತದೆ. ಗೂಡು ಕೆದಕಿ ಮರಿ ತೆಗೆಯಲಾಗದು. ಬೆಳಿಗ್ಗೆ ಎದ್ದ ಮರಿಯನ್ನು ಸಂಜೆಯ ಜನರಿಗಾಗಿ ತೊಟ್ಟಿಯಲ್ಲಿ ಹಿಡಿದಿಡಲೂಬಾರದು. ಹುಟ್ಟಿದ ಮೊದಲ ಗಂಟೆಗಳಲ್ಲಿ ಮರಿಗೆ ಒಂದೇ ಸಮನೆ ಈಜಿ ದಡದಿಂದ ದೂರ ಓಡುವ ಆವೇಶವಿರುತ್ತದೆ, ಹೊಟ್ಟೆಯಲ್ಲಿ ಉಳಿದ ಭಂಡಾರವೇ ಅದಕ್ಕೆ ಬುತ್ತಿ. ತೊಟ್ಟಿಯಲ್ಲಿ ಕೈಕಾಲು ಬಡಿದು ಆ ಬುತ್ತಿ ಖರ್ಚಾದರೆ ಅಲೆಯಾಚೆಯ ಮೀನುಗಳ ಬಾಯಿಗೆ ಸುಲಭದ ತುತ್ತು. ಇಲ್ಲ ಎಂದರೆ ಇಲ್ಲ ಎಂದು ಒಪ್ಪಿಕೊಳ್ಳುವ ಪ್ರವಾಸಿಯೇ ಈ ತೀರಕ್ಕೆ ಬೇಕಾದವನು.

ಈ ಗೋಜಲು ಭಾರತಕ್ಕಷ್ಟೇ ಸೀಮಿತವಲ್ಲ. ಮೆಡಿಟರೇನಿಯನ್ ಕಡಲಿನ ದೇಶಗಳು ಇದನ್ನು ಕಾನೂನಿನಿಂದ ಬಿಡಿಸಲು ನೋಡಿವೆ. ಟರ್ಕಿಯ ಇಜ್ತುಜು ತೀರದಲ್ಲಿ 1980ರ ದಶಕದಲ್ಲಿ ದೊಡ್ಡ ಹೋಟೆಲ್ ಏಳುವುದರಲ್ಲಿತ್ತು. ಅಲ್ಲೇ ಗುಡಿಸಲಿನಲ್ಲಿದ್ದ ಬ್ರಿಟಿಷ್ ಮಹಿಳೆ ಜೂನ್ ಹೈಮೋಫ್ ಮತ್ತಿತರರ ಹೋರಾಟದಿಂದ ಅದು ನಿಂತು, 1988ರಲ್ಲಿ ಪ್ರದೇಶಕ್ಕೆ ವಿಶೇಷ ರಕ್ಷಣೆ ಸಿಕ್ಕಿತು. ಹಗಲು ಸಾವಿರಾರು ಜನ ಬರುತ್ತಾರೆ, ಆಮೆಯ ಋತುವಿನಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಯಾರಿಗೂ ಪ್ರವೇಶವಿಲ್ಲ. ಇಟಲಿಯ ಸಾರ್ಡೀನಿಯಾ ದ್ವೀಪದ ಲಾ ಪೆಲೋಸಾ ತೀರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 1500 ಜನ ಮಾತ್ರ, ಅದೂ ಮುಂಗಡ ಟಿಕೆಟ್ ಇದ್ದರೆ. ಟವೆಲ್‌ಗೆ ಅಂಟಿಕೊಂಡು ಮರಳು ಹೋಗದಿರಲೆಂದು ಕೆಳಗೆ ಚಾಪೆ ಹಾಸುವುದೂ ಕಡ್ಡಾಯ. ವೇಳಾಸ್‌ನಲ್ಲಿ ಬಹುಮಟ್ಟಿಗೆ ಇರುವುದು ಒಂದು ಹಗ್ಗ, ಊರಿನವರ ಮಾತು. ಆ ಮಾತಿಗೆ ಬೆಲೆ ಸಿಗದಿದ್ದರೆ ಟಿಕೆಟ್, ಗೇಟು, ದಂಡ ಬರುವ ದಿನ ದೂರವಿಲ್ಲ.

ನಮ್ಮ ಕರಾವಳಿಗೂ ಬರುತ್ತವೆ

ಇದೇ ಆಮೆ ಕರ್ನಾಟಕಕ್ಕೂ ಬರುತ್ತದೆ. ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ತೀರಗಳಲ್ಲಿ ಗೂಡುಗಳು ಸಿಕ್ಕಿವೆ, ಅರಣ್ಯ ಇಲಾಖೆ ಮತ್ತು ಸ್ಥಳೀಯರು ಅವನ್ನು ಕಾಯುತ್ತಾರೆ. ಟೊಂಕದಲ್ಲಿ ಖಾಸಗಿ ಬಂದರು ಯೋಜನೆಗೆ ಮೀನುಗಾರರು ಒಡ್ಡಿದ ವಿರೋಧದಲ್ಲಿ ಆಮೆಯ ಮಾತೂ ಬಂದಿತ್ತು. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದು ಸ್ವಚ್ಛತೆ, ಸುರಕ್ಷತೆ, ಸೌಕರ್ಯದ ಗುರುತು. ಬ್ಲೂ ಫ್ಲ್ಯಾಗ್ ಇದೆ ಎಂದಮಾತ್ರಕ್ಕೆ ಅಲ್ಲಿ ಆಮೆ ಮರಿ ಕಾಣಿಸುತ್ತದೆ ಎಂದೇನೂ ಅಲ್ಲ.

ಆಮೆಗೆ ರಾಜ್ಯದ ಗಡಿಯ ಹಂಗಿಲ್ಲ. 2023ರಲ್ಲಿ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ಉಪಗ್ರಹ ಸಾಧನ ಅಂಟಿಸಿ ಬಿಟ್ಟ 'ಬಾಗೇಶ್ರೀ' ಎಂಬ ಆಮೆ ಕರ್ನಾಟಕ, ಕೇರಳದ ಕಡಲು ದಾಟಿ ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿ ಸೇರಿತು. 2021ರಲ್ಲಿ ಒಡಿಶಾದಲ್ಲಿ ಗುರುತಿನ ಬಿಲ್ಲೆ ಹಾಕಿಸಿಕೊಂಡ ಇನ್ನೊಂದು ಆಮೆ 2025ರಲ್ಲಿ ಅದೇ ಗುಹಾಗರದಲ್ಲಿ ಮೊಟ್ಟೆ ಇಡುವಾಗ ಸಿಕ್ಕಿಬಿತ್ತು. ಪೂರ್ವ ಕರಾವಳಿಯ ಆಮೆ ಬೇರೆ, ಪಶ್ಚಿಮದ್ದು ಬೇರೆ ಎಂದುಕೊಂಡಿದ್ದವರು ಮತ್ತೆ ಯೋಚಿಸುವಂತಾಯಿತು.

ರಜೆಗೆ ಕರಾವಳಿಯ ಊರಿಗೆ ಹೋದಾಗ ಮುಂಜಾನೆ ತೀರದಲ್ಲಿ ಸಣ್ಣ ಟ್ರ್ಯಾಕ್ಟರ್ ಗಾಲಿ ಹಾದಂಥ ಜಾಡು ನೀರಿನಿಂದ ಮೇಲೆ ಹತ್ತಿ ಮತ್ತೆ ನೀರಿಗಿಳಿದದ್ದು ಕಂಡರೆ, ಅದರ ತುದಿಯಲ್ಲಿ ಗೂಡು ಇರಬಹುದು. ಅಗೆಯಬೇಡಿ. ನಾಯಿಗಳು ಹತ್ತಿರ ಸುಳಿಯದಂತೆ ಒಬ್ಬರನ್ನು ಅಲ್ಲಿ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತೀರದ ಹೆಸರು ಹೇಳಿ.